ಸಂಖ್ಯೆಗೆ ಮುನ್ನ ಸಂಜ್ಞೆ: ಮಾನವನ್ನರಿತ ಗಣಕದ ಚರಿತ್ರೆ

೧

ಲೆಕ್ಕವೆಂದರೆ ಸಂಖ್ಯೆಗಳನ್ನು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಂದು ಲೋಕದಲ್ಲಿ ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಸಂತೆಯಲ್ಲಾಗಲಿ ಹೊಲದಲ್ಲಾಗಲಿ ಕಚೇರಿಯಲ್ಲಾಗಲಿ ಬರಿಯ ಸಂಖ್ಯೆಯೆಂಬುದು ಎಲ್ಲಿಯೂ ಕಾಣಸಿಗುವುದಿಲ್ಲ. ಅಲ್ಲಿರುವುದು ಐದು ಸೇರು ಅಕ್ಕಿ, ಹತ್ತು ಮೊಳ ಬಟ್ಟೆ, ಮೂರು ಎಕರೆ ಗದ್ದೆ. ಸಂಖ್ಯೆಯು ಹೇಳುವುದು ಎಷ್ಟೆಂಬುದನ್ನು ಮಾತ್ರ. ಯಾವುದು ಅಷ್ಟೆಂಬುದನ್ನು ಹೇಳುವುದು ಅದರೊಡನಿರತಕ್ಕ ಮಾನ. ಮಾನವನ್ನು ಕಳೆದುಕೊಂಡ ಸಂಖ್ಯೆಯು ಹೆಸರಿಲ್ಲದ ಪತ್ರದಂತೆ ಯಾರ ಕೈಗೆ ಬೇಕಾದರೂ ಸೇರಬಹುದು.

ಈಗ ಬಹುಮಂದಿಯ ಕೈಯಲ್ಲಿ ಒಂದು ಗಣಕವಿದೆ. ಮೊಬೈಲ್ ಫೋನಿನೊಳಗೆ ಕುಳಿತಿರುವ ಆ ಪುಟ್ಟ ಆಪ್ ಕ್ಷಣಮಾತ್ರದಲ್ಲಿ ದೊಡ್ಡ ಗುಣಾಕಾರಗಳನ್ನು ಮಾಡಿಕೊಡುತ್ತದೆ. ಆದರೆ ಅದು ಮಾನವನ್ನರಿತ ಗಣಕವೇ ಎಂಬುದು ಬೇರೆ ಪ್ರಶ್ನೆ. ನಮ್ಮ ರಾಜ್ಯದ ಪಹಣಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆ ಎಂಬ ಕ್ರಮದಲ್ಲಿ ನಡುವೆ ಚುಕ್ಕಿಯಿಟ್ಟು ಬರೆಯುತ್ತಾರೆ. ೪೦ ಗುಂಟೆಗೆ ಒಂದು ಎಕರೆ. ೧೬ ಆಣೆಗೆ ಒಂದು ಗುಂಟೆ. ಒಂದು ಸರ್ವೆ ನಂಬರಿನಲ್ಲಿ ೨.೨೦, ಇನ್ನೊಂದರಲ್ಲಿ ೧.೩೦ ಎಂದು ಬರೆದಿದೆಯೆನ್ನೋಣ. ಸಾಮಾನ್ಯ ಗಣಕಕ್ಕೆ ಇವನ್ನು ಕೊಟ್ಟರೆ ಅದು ೩.೫೦ ಎನ್ನುತ್ತದೆ, ನೋಡುವವನು ಮೂರೂವರೆ ಎಕರೆ ಎಂದುಕೊಳ್ಳುತ್ತಾನೆ. ದಿಟವಾಗಿ ನೋಡಿದರೆ ನೂರು ಗುಂಟೆಗೆ ಎಪ್ಪತ್ತು ಗುಂಟೆ ಸೇರಿ ನೂರ ಎಪ್ಪತ್ತಾಯಿತು. ಎಂದರೆ ೪ ಎಕರೆ ೧೦ ಗುಂಟೆ. ಮೂವತ್ತು ಗುಂಟೆ ನೆಲವು ಒಂದು ಚುಕ್ಕಿಯಲ್ಲಿ ಅಡಗಿಹೋಯಿತು. ಇದೇ ೨.೨೦ ಎಂಬ ಬರೆಹವು ದಕ್ಷಿಣ ಕನ್ನಡದ ಕಡೆಯ ಪತ್ರದಲ್ಲಿದ್ದರೆ ಅಲ್ಲಿ ಚುಕ್ಕಿಯ ಬಲಗಡೆಯದು ಸೆಂಟ್ಸು. ನೂರು ಸೆಂಟ್ಸಿಗೆ ಎಕರೆಯಾದುದರಿಂದ ಅದು ೨ ಎಕರೆ ೮ ಗುಂಟೆಗೆ ಸಮನಾಗುತ್ತದೆ. ಬರೆಹ ಒಂದೇ, ಗುರುತುಗಳು ಅವೇ, ನೆಲ ಮಾತ್ರ ಬೇರೆ.

ಆದುದರಿಂದ ಮಾನಗಳನ್ನೂ ಅವುಗಳ ಪರಿವರ್ತನೆಯನ್ನೂ ನಿರ್ವಹಿಸಬಲ್ಲ ಗಣಕವನ್ನು ಹುಡುಕುವುದು ಕೇವಲ ಯಂತ್ರಾಭಿರುಚಿಯವರ ಕೆಲಸವಲ್ಲ. ಹಳೆಯ ಕಾಗದಪತ್ರಗಳನ್ನೂ ಶಾಸನಗಳನ್ನೂ ಓದತಕ್ಕ ನಮಗೂ ಅದು ಸೇರಿದ್ದು. ಅಂತಹ ಗಣಕದ ಕಲ್ಪನೆ ಎಲ್ಲಿಂದ ಬಂದಿತು, ನಡುವೆ ಎಲ್ಲಿ ಮರೆಯಾಯಿತು, ಮತ್ತೆ ಹೇಗೆ ಮರಳಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಅಂತಹ ಗಣಕದ ಸತ್ತ್ವವಿರುವುದು ಅದರ ಲೆಕ್ಕದಲ್ಲಲ್ಲ, ಲೆಕ್ಕಕ್ಕೆ ಮುನ್ನ ಅದು ಇಟ್ಟುಕೊಂಡಿರತಕ್ಕ ಸಂಜ್ಞೆಗಳ ಪಟ್ಟಿಯಲ್ಲಿ ಎಂಬುದು ಈ ಚರಿತ್ರೆಯಿಂದ ತಿಳಿದುಬರುತ್ತದೆ.

೨

ಈ ತತ್ತ್ವವನ್ನು ಕನ್ನಡನಾಡಿನ ಗಣಿತಜ್ಞನೊಬ್ಬನು ಹನ್ನೊಂದು ಶತಮಾನಗಳಿಗೂ ಹಿಂದೆಯೇ ತನ್ನ ಗ್ರಂಥದ ರಚನೆಯಲ್ಲಿ ತೋರಿಸಿಕೊಟ್ಟಿದ್ದಾನೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿರುವ ಮಹಾವೀರಾಚಾರ್ಯನು ಕ್ರಿ.ಶ. ೯ನೆಯ ಶತಮಾನದ ನಡುವಿನವನು. ಅವನ ಸಂಸ್ಕೃತ ಗ್ರಂಥವಾದ 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಈ ಗ್ರಂಥದ ಮೊದಲ ಅಧ್ಯಾಯಕ್ಕೆ ಸಂಜ್ಞಾಧಿಕಾರವೆಂದು ಹೆಸರು. ಗುಣಾಕಾರ ಭಾಗಾಹಾರಗಳು ಬರುವುದು ಅದರ ಮುಂದಿನ ಅಧ್ಯಾಯದಲ್ಲಿ. ಕ್ಷೇತ್ರ, ಕಾಲ, ಧಾನ್ಯ, ಸುವರ್ಣ, ರಜತ, ಲೋಹ ಎಂದು ಬಗೆಬಗೆಯಾಗಿ ವಿಂಗಡಿಸಿ ಒಂದೊಂದರ ಪರಿಭಾಷೆಯನ್ನೂ ಮೊದಲು ಸ್ಥಾಪಿಸಿ ಅನಂತರವೇ ಆಚಾರ್ಯನು ಲೆಕ್ಕಕ್ಕೆ ಕೈಯಿಡುತ್ತಾನೆ.

ಕ್ಷೇತ್ರಪರಿಭಾಷೆಯಲ್ಲಿ ಪರಮಾಣುವಿನಿಂದ ಹೊರಟು ಎಂಟೆಂಟರಂತೆ ಏರುತ್ತ ಅಂಗುಲಕ್ಕೆ ಬರುತ್ತಾನೆ. ಆರು ಅಂಗುಲಕ್ಕೆ ಪಾದ, ಎರಡು ಪಾದಕ್ಕೆ ವಿತಸ್ತಿ, ಎರಡು ವಿತಸ್ತಿಗೆ ಹಸ್ತ, ನಾಲ್ಕು ಹಸ್ತಕ್ಕೆ ದಂಡ, ಎರಡು ಸಾವಿರ ದಂಡಕ್ಕೆ ಕ್ರೋಶ, ನಾಲ್ಕು ಕ್ರೋಶಕ್ಕೆ ಯೋಜನ. ಇಷ್ಟೇ ಆಗಿದ್ದರೆ ಇದೊಂದು ಮಗ್ಗಿಯಂತಹ ಪಟ್ಟಿಯೆನ್ನಬಹುದಾಗಿತ್ತು. ಆದರೆ ಅಂಗುಲವೆಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಅಳತೆಗಳಿರುವುದನ್ನು ಆಚಾರ್ಯನು ಅಲ್ಲಿಯೇ ಎತ್ತಿ ಹೇಳಿದ್ದಾನೆ. ಲೋಕದಲ್ಲಿ ನಡೆಯುವುದು ವ್ಯವಹಾರಾಂಗುಲ. ಅದರ ಐನೂರರಷ್ಟು ಪ್ರಮಾಣಾಂಗುಲ. ಆಯಾ ಕಾಲದ ಮನುಷ್ಯರ ಬೆರಳಿನದು ಆತ್ಮಾಂಗುಲ. ಯಾವುದರಿಂದ ಅಳೆಯಲಾಗಿದೆಯೆಂದು ತಿಳಿಯದೆ ಅಂಗುಲವೆಂದು ಹೇಳಿದರೆ ಅರ್ಥ ಪೂರ್ಣವಾಗುವುದಿಲ್ಲ.

ಈ ಎಚ್ಚರವು ಎಷ್ಟು ಮುಖ್ಯವೆಂಬುದು ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟಪಡುವುದು. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ದಂಡವು ೬ ಅಡಿ, ಯೋಜನವು ೪೮,೦೦೦ ಅಡಿ; ಎಂದರೆ ಸುಮಾರು ೯.೦೯ ಮೈಲಿ. ಅಂಗುಲವನ್ನು ೦.೭ ಇಂಚೆಂದು ಹಿಡಿದರೆ ಯೋಜನವು ೪೪,೮೦೦ ಅಡಿಗೆ, ಎಂದರೆ ಸುಮಾರು ೮.೪೮ ಮೈಲಿಗೆ ಇಳಿಯುತ್ತದೆ. ಬೆರಳಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟಿದ್ದ ವ್ಯತ್ಯಾಸವು ದಾರಿಯಲ್ಲಿ ಅರ್ಧ ಮೈಲಿಗೂ ಮಿಕ್ಕುತ್ತದೆ.

ತೂಕಗಳಲ್ಲಿ ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಸುವರ್ಣಪರಿಭಾಷೆಯಂತೆ ಐದು ಗುಂಜೆಗೆ ಒಂದು ಪಣ, ಎಂಟು ಪಣಕ್ಕೆ ಒಂದು ಧರಣ. ಆದುದರಿಂದ ಚಿನ್ನದ ಧರಣಕ್ಕೆ ೪೦ ಗುಂಜೆ. ರಜತಪರಿಭಾಷೆಯಂತೆ ಎರಡು ಗುಂಜೆಗೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಧರಣ. ಆದುದರಿಂದ ಬೆಳ್ಳಿಯ ಧರಣಕ್ಕೆ ೩೨ ಗುಂಜೆ. ಧರಣವೆಂಬ ಹೆಸರು ಒಂದಾದರೂ ತೂಗುವ ವಸ್ತು ಬದಲಾದೊಡನೆ ತೂಕವೂ ಬದಲಾಯಿತು. ಆದರೆ ಚಿನ್ನದಲ್ಲಿ ಎರಡು ಧರಣಕ್ಕೆ ಒಂದು ಕರ್ಷ, ಬೆಳ್ಳಿಯಲ್ಲಿ ಎರಡೂವರೆ ಧರಣಕ್ಕೆ ಒಂದು ಕರ್ಷ. ಎರಡರಲ್ಲಿಯೂ ನಾಲ್ಕು ಕರ್ಷಕ್ಕೆ ಒಂದು ಪಲ. ಲೆಕ್ಕ ಹಾಕಿ ನೋಡಿದರೆ ಎರಡು ಕಡೆಯಲ್ಲಿಯೂ ಪಲವು ೩೨೦ ಗುಂಜೆಯೇ ಆಗುತ್ತದೆ. ನಡುವಿನ ಮೆಟ್ಟಿಲುಗಳು ಬೇರೆಯಾದರೂ ಮೇಲಿನ ಅಟ್ಟ ಒಂದೇ. ಇಂತಹುದನ್ನು ಊಹೆಯಿಂದ ತಿಳಿಯಲಾಗದು, ಪರಿಭಾಷೆಯಿಂದಲೇ ತಿಳಿಯಬೇಕು.

೩

ಪರಿಭಾಷೆಯು ಸಿದ್ಧವಾದ ಮೇಲೆ ಒಂದು ಮಾನದಿಂದ ಮತ್ತೊಂದಕ್ಕೆ ಹೋಗಲು ನಮ್ಮವರು ಬಳಸಿದ ಸಾಧನ ತ್ರೈರಾಶಿಕ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ ದೊರೆಯುತ್ತದೆ. ಸಾಹಿತ್ಯದ ಅಧ್ಯಾಪಕರಿಗೂ ಬಾಲ್ಯದ ಪಾಠವಾಗಿ ಇದು ನೆನಪಿರತಕ್ಕದ್ದು. ಆದರೆ ಈ ಸೂತ್ರದೊಡನೆ ಬರುವ ನಿಬಂಧನೆಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ೧೧೫೦ರ ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ ಪ್ರಮಾಣವೂ ಇಚ್ಛೆಯೂ ಸಮಾನಜಾತಿಯವಾಗಿರಬೇಕು, ಅವನ್ನು ಆದಿಯಲ್ಲಿಯೂ ಅಂತ್ಯದಲ್ಲಿಯೂ ಇಡಬೇಕು, ಅನ್ಯಜಾತಿಯದಾದ ಫಲವನ್ನು ಮಧ್ಯದಲ್ಲಿ ಇಡಬೇಕು ಎಂಬ ವಿಧಿಯಿದೆ. ಪಲಗಳಲ್ಲಿ ಕೊಟ್ಟ ಪ್ರಮಾಣಕ್ಕೆ ಕರ್ಷಗಳಲ್ಲಿ ಕೊಟ್ಟ ಇಚ್ಛೆಯನ್ನು ಎದುರಿಟ್ಟು ಲೆಕ್ಕ ಮಾಡುವಂತಿಲ್ಲ. ಮೊದಲು ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಇಂದಿನ ಭೌತಶಾಸ್ತ್ರಜ್ಞರು ಆಯಾಮಪರೀಕ್ಷೆ ಎನ್ನುವುದರ ಬೀಜವು ಈ ಜಾತಿನಿಯಮದಲ್ಲಿ ಕಾಣುತ್ತದೆ.

ಕನ್ನಡದಲ್ಲಿಯೂ ಈ ವಿದ್ಯೆಗೆ ನೆಲೆಯುಂಟು. ೧೨ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದ ಗ್ರಂಥಗಳನ್ನು ರಚಿಸಿ ಗಣಿತವನ್ನು ದೇಶಭಾಷೆಗೆ ತಂದನು. ಆ ಗ್ರಂಥದ ಹೆಸರೇ ಅದರ ಆಶಯವನ್ನು ಸೂಚಿಸುತ್ತದೆ. ವ್ಯವಹಾರದಲ್ಲಿ ಎದುರಾಗುವುದು ಮಾನಸಹಿತವಾದ ಸಂಖ್ಯೆ. ಅದಕ್ಕೆ ತಕ್ಕ ಗಣಿತವೇ ವ್ಯವಹಾರಗಣಿತ.

ಗ್ರಂಥದ ಮಾನವು ಹೀಗೆ ಅಚ್ಚುಕಟ್ಟಾಗಿದ್ದರೂ ನೆಲದ ಮೇಲಿನ ಮಾನವು ಊರೂರಿಗೆ ಬೇರೆಯಾಗಿತ್ತು. ನಮ್ಮ ಶಾಸನಗಳೇ ಇದಕ್ಕೆ ಸಾಕ್ಷಿ. ದತ್ತಿಬಿಟ್ಟ ಭೂಮಿಯನ್ನು ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಹೇಳಿ ಸುಮ್ಮನಾಗದೆ, ಯಾವ ಗಳೆಯಿಂದ ಅಳೆದದ್ದೆಂಬುದನ್ನು ಅನೇಕ ಶಾಸನಗಳು ಹೆಸರಿಸುತ್ತವೆ. ಬಳ್ಳಿಗಾವೆಯ ಕಡೆಯ ಭೇರುಂಡ ಗಳೆ, ಬೇರೆ ಕಡೆಗಳಲ್ಲಿ ಬರುವ ಕಚ್ಛವಿಯ ಗಳೆ ಇಂತಹವು. ಶಾಸನವನ್ನು ಬರೆಸಿದವರಿಗೆ ಮತ್ತರೆಂಬ ಹೆಸರೊಂದೇ ಸಾಲದೆಂಬುದು ಗೊತ್ತಿತ್ತು. ಗಳೆಯ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಕ್ಷೇತ್ರದಲ್ಲಿ ಅದು ವರ್ಗವಾಗಿ ಬೆಳೆಯುತ್ತದೆ. ಹತ್ತು ಮೊಳದ ಗಳೆಗೂ ಹನ್ನೊಂದು ಮೊಳದ ಗಳೆಗೂ ಉದ್ದದಲ್ಲಿರುವ ಭೇದ ಹತ್ತರಲ್ಲೊಂದು; ಆದರೆ ಒಂದು ಚದರ ಗಳೆಯ ನೆಲವು ಮೊದಲನೆಯದರಲ್ಲಿ ೧೦೦ ಚದರ ಮೊಳವಾದರೆ ಎರಡನೆಯದರಲ್ಲಿ ೧೨೧. ನೂರಕ್ಕೆ ಇಪ್ಪತ್ತೊಂದರ ಭೇದವು ದತ್ತಿ ಪಡೆದವನ ಅನ್ನದ ಪ್ರಶ್ನೆಯಾಗಿತ್ತು.

ಇದಲ್ಲದೆ ಒಂದು ಜಾತಿಯ ಮಾನವು ಇನ್ನೊಂದು ಜಾತಿಗೆ ಸಲ್ಲುತ್ತಿದ್ದುದೂ ಉಂಟು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬುದು ಧಾನ್ಯದ ಅಳತೆ. ಆದರೆ ಖಂಡುಗದ ಬೀಜ ಹಿಡಿಯುವ ನೆಲಕ್ಕೂ ಖಂಡುಗವೆಂದೇ ಹೆಸರು. ಗದ್ದೆಯಲ್ಲಿ ಬೀಜವನ್ನು ಒತ್ತಾಗಿಯೂ ಬೆದ್ದಲಿನಲ್ಲಿ ವಿರಳವಾಗಿಯೂ ಬಿತ್ತುವುದರಿಂದ ಬೆದ್ದಲಿನ ಖಂಡುಗವು ಗದ್ದೆಯ ಖಂಡುಗಕ್ಕಿಂತ ವಿಸ್ತಾರವಾದುದು. ಖಂಡುಗಕ್ಕೆ ಎಷ್ಟು ಎಕರೆಯೆಂಬ ಪ್ರಶ್ನೆಗೆ, ಯಾವ ಊರಿನ ಯಾವ ನೆಲವೆಂಬ ಮರುಪ್ರಶ್ನೆಯೇ ಮೊದಲ ಉತ್ತರ.

೪

ಮಾನಗಳ ಈ ವೈವಿಧ್ಯವು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವು ಯೂರೋಪಿನಲ್ಲಿ ಆರಂಭವಾದಾಗ ಮೊದಲು ಎದುರಾದದ್ದೂ ಇದೇ. ಫ್ರಾನ್ಸಿನ ಬ್ಲೇಸ್ ಪಾಸ್ಕಲನು ೧೬೪೨ರಲ್ಲಿ ತನ್ನ ಗಣಕಯಂತ್ರದ ಕೆಲಸವನ್ನು ತೊಡಗಿದನು. ಅವನ ತಂದೆ ರುವಾಂ ನಗರದಲ್ಲಿ ತೆರಿಗೆಯ ಅಧಿಕಾರಿಯಾಗಿದ್ದು, ಆತನ ಲೆಕ್ಕದ ಹೊರೆಯನ್ನು ಹಗುರಗೊಳಿಸುವುದೇ ಉದ್ದೇಶವಾಗಿತ್ತು. ಆಗಿನ ಫ್ರೆಂಚ್ ನಾಣ್ಯದಲ್ಲಿ ೧೨ ದೆನಿಯೇಗೆ ಒಂದು ಸೋಲ್, ೨೦ ಸೋಲಿಗೆ ಒಂದು ಲೀವ್ರ್. ಆದುದರಿಂದ ಪಾಸ್ಕಲನ ವ್ಯವಹಾರದ ಯಂತ್ರಗಳಲ್ಲಿ ಎಲ್ಲ ಚಕ್ರಗಳಿಗೂ ಹತ್ತು ಹಲ್ಲುಗಳಿರಲಿಲ್ಲ. ಬಲತುದಿಯ ಒಂದಕ್ಕೆ ಹನ್ನೆರಡು, ಅದರ ಮುಂದಿನದಕ್ಕೆ ಇಪ್ಪತ್ತು. ಭೂಮಾಪನಕ್ಕಾಗಿ ಮಾಡಿದ ಬಗೆಯಲ್ಲಿ, ೧೨ ರೇಖೆಗೆ ಒಂದು ಇಂಚು, ೧೨ ಇಂಚಿಗೆ ಒಂದು ಅಡಿ, ೬ ಅಡಿಗೆ ಒಂದು ತುವಾಜ಼್ ಎಂಬ ಅಲ್ಲಿನ ಅಳತೆಗೆ ತಕ್ಕ ಚಕ್ರಗಳಿದ್ದುವು.

ಇದು ಗಮನಾರ್ಹವಾದ ವಿಷಯ. ಲೋಕದ ಮೊದಮೊದಲ ಗಣಕಗಳಲ್ಲೊಂದು ಮಾನವನ್ನರಿತದ್ದಾಗಿತ್ತು. ಹನ್ನೆರಡನೆಯ ದೆನಿಯೇ ಬಂದೊಡನೆ ಚಕ್ರವು ತಾನಾಗಿಯೇ ಒಂದು ಸೋಲನ್ನು ಮುಂದಕ್ಕೆ ದಾಟಿಸುತ್ತಿತ್ತು. ಮಹಾವೀರಾಚಾರ್ಯನು ಶ್ಲೋಕಗಳಲ್ಲಿ ಇಟ್ಟ ಪರಿಭಾಷೆಯ ಕೆಲಸವನ್ನು ಇಲ್ಲಿ ಲೋಹದ ಹಲ್ಲುಗಳು ಮಾಡುತ್ತಿದ್ದುವು. ಆದರೆ ಒಂದು ಯಂತ್ರಕ್ಕೆ ಒಂದೇ ಪರಿಭಾಷೆ. ಹಣದ ಯಂತ್ರದಿಂದ ನೆಲವನ್ನು ಅಳೆಯುವಂತಿರಲಿಲ್ಲ.

ಈ ತೊಡಕನ್ನು ಫ್ರಾನ್ಸಿನ ಮಹಾಕ್ರಾಂತಿಯು ಬೇರೊಂದು ರೀತಿಯಿಂದ ಪರಿಹರಿಸಿತು. ಯಂತ್ರವನ್ನು ಮಾನಕ್ಕೆ ಹೊಂದಿಸುವುದರ ಬದಲಾಗಿ ಮಾನವನ್ನೇ ಹತ್ತರ ಲೆಕ್ಕಕ್ಕೆ ಹೊಂದಿಸಿದರು. ೧೭೯೫ರ ಏಪ್ರಿಲ್ ೭ರ ಶಾಸನದಿಂದ ದಶಮಾನ ಪದ್ಧತಿಯು ಅಲ್ಲಿ ವಿಧಿಸಲ್ಪಟ್ಟಿತು; ೧೮೭೫ರ ಮೇ ೨೦ರಂದು ಹಲವು ರಾಷ್ಟ್ರಗಳು ಮೀಟರಿನ ಒಡಂಬಡಿಕೆಗೆ ಸಹಿ ಹಾಕಿದುವು. ಮಾನವು ದಶಗುಣವಾದ ಮೇಲೆ ಯಂತ್ರಕ್ಕೆ ಹತ್ತು ಹಲ್ಲಿನ ಚಕ್ರಗಳೇ ಸಾಕಾದುವು. ಬ್ರಿಟನ್ನಿನ ಪೌಂಡು, ಷಿಲ್ಲಿಂಗು, ಪೆನ್ಸುಗಳಿಗಾಗಿ ಬೇರೆ ಯಂತ್ರಗಳು ಬಹುಕಾಲ ಉಳಿದಿದ್ದರೂ ೧೯೭೧ರಲ್ಲಿ ಅಲ್ಲಿಯ ನಾಣ್ಯವೂ ದಶಮಾನವಾಯಿತು. ಮರುವರ್ಷ, ೧೯೭೨ರಲ್ಲಿ, ಹೊರಬಂದ ಎಚ್.ಪಿ.-೩೫ ಎಂಬ ಕೈಗಣಕವು ಜ್ಯಾ, ಲಘುಗಣಕಗಳನ್ನು ಸಹ ಲೆಕ್ಕಹಾಕಬಲ್ಲದಾಗಿತ್ತು. ಆದರೆ ಅದರ ಪರದೆಯ ಮೇಲೆ ಇದ್ದುದು ಬರಿಯ ಸಂಖ್ಯೆ. ಅದು ಸೇರೋ ಮೊಳವೋ ಎಂಬುದು ಬಳಸುವವನ ತಲೆಯಲ್ಲಿರಬೇಕಾಗಿತ್ತು.

೫

ಭಾರತದಲ್ಲಿ ಈ ಬದಲಾವಣೆ ನಡೆದ ಕಾಲವನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ೧೦೦ ನಯೇ ಪೈಸೆಯೆಂಬ ಕ್ರಮವು ಆರಂಭವಾಯಿತು. ಅದುವರೆಗೆ ರೂಪಾಯಿಗೆ ೧೬ ಆಣೆ, ೬೪ ಕಾಸು, ೧೯೨ ಪೈ. ಒಂದು ಆಣೆಗೆ ಸರಿಯಾಗಿ ಆರೂಕಾಲು ಹೊಸ ಪೈಸೆಯಾಗುತ್ತದೆ. ಕಾಲು ಪೈಸೆಯ ನಾಣ್ಯವಿಲ್ಲ. ಅರ್ಧ ಮತ್ತು ಅದಕ್ಕೆ ಕಡಮೆಯಾದುದನ್ನು ಬಿಟ್ಟು, ಅರ್ಧಕ್ಕೆ ಮೇಲ್ಪಟ್ಟುದನ್ನು ಒಂದೆಂದು ಎಣಿಸತಕ್ಕುದೆಂದು ನಿಯಮವಾಯಿತು. ಅದರಂತೆ ಒಂದು ಆಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫. ಒಂದೊಂದಾಣೆಯ ಮೂರು ಸರಕುಗಳನ್ನು ಬೇರೆ ಬೇರೆಯಾಗಿ ಕೊಂಡವನು ೧೮ ಪೈಸೆಯನ್ನೂ ಒಟ್ಟಿಗೆ ಕೊಂಡವನು ೧೯ ಪೈಸೆಯನ್ನೂ ಕೊಡಬೇಕು. ಪರಿವರ್ತಿಸಿ ಕೂಡುವುದೂ ಕೂಡಿ ಪರಿವರ್ತಿಸುವುದೂ ಒಂದೇ ಅಲ್ಲವೆಂಬುದನ್ನು ಅಂಗಡಿಯ ಕಟ್ಟೆಯೇ ಆಗ ಕಲಿಸಿತು. ಒಳ್ಳೆಯ ಗಣಕವು ನಡುವೆ ಎಲ್ಲಿಯೂ ಅಂಕಿಗಳನ್ನು ತುಂಡರಿಸದೆ ಕೊನೆಯಲ್ಲಿ ಮಾತ್ರ ಸರಿಗಟ್ಟಬೇಕೆಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕಾಗಿಲ್ಲ.

ತೂಕದ ವಿಷಯವು ಇನ್ನೂ ಜಟಿಲವಾಗಿತ್ತು. ೧೯೫೬ರ ತೂಕ ಮತ್ತು ಅಳತೆಗಳ ಶಾಸನವು ಕಿಲೋಗ್ರಾಮನ್ನು ದೇಶಕ್ಕೆಲ್ಲ ಒಂದೇ ತೂಕವನ್ನಾಗಿ ಮಾಡಿತು. ೧೯೫೮ರ ಅಕ್ಟೋಬರಿನಿಂದ ಅದು ಹಂತಹಂತವಾಗಿ ಬಳಕೆಗೆ ಬಂದಿತು. ಅದಕ್ಕೆ ಹಿಂದೆ ೮೦ ತೊಲಕ್ಕೆ ಒಂದು ಸೇರು, ೪೦ ಸೇರಿಗೆ ಒಂದು ಮಣವೆಂಬ ಸರ್ಕಾರಿ ಲೆಕ್ಕದಂತೆ ಮಣವು ೩೭.೩೨೪೨ ಕಿಲೋಗ್ರಾಮಾಗುತ್ತಿತ್ತು. ಆದರೆ ಮದರಾಸಿನ ಮಣ ೨೫ ಪೌಂಡು, ಎಂದರೆ ೧೧.೩೪ ಕಿಲೋಗ್ರಾಮು, ಬೊಂಬಾಯಿಯ ಮಣ ೨೮ ಪೌಂಡು, ಎಂದರೆ ೧೨.೭೦ ಕಿಲೋಗ್ರಾಮು. ಆ ಕಾಲದಲ್ಲಿ ಕನ್ನಡನಾಡು ಮೈಸೂರು, ಮದರಾಸು, ಬೊಂಬಾಯಿ, ಹೈದರಾಬಾದು, ಕೊಡಗು ಎಂಬ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಆದುದರಿಂದ ಹಳೆಯ ಕನ್ನಡ ಲೆಕ್ಕದ ಪುಸ್ತಕವೊಂದರಲ್ಲಿ ಹತ್ತು ಮಣ ಬೆಲ್ಲವೆಂದಿದ್ದರೆ ಅದು ೧೧೩ ಕಿಲೋ ಆಗಿರಬಹುದು, ೧೨೭ ಆಗಿರಬಹುದು, ೩೭೩ ಆಗಿರಬಹುದು. ಪುಸ್ತಕವು ಧಾರವಾಡದ್ದೋ ಬಳ್ಳಾರಿಯದ್ದೋ ಎಂಬುದನ್ನು ನೋಡದೆ ಮಣಕ್ಕೆ ಒಂದೇ ಗುಣಕವನ್ನು ಹಾಕಿದ ಗಣಕವು ಮೂರುಪಟ್ಟಿಗೂ ಮಿಕ್ಕ ತಪ್ಪನ್ನು ನಾಲ್ಕು ದಶಾಂಶಸ್ಥಾನಗಳ ನಿಷ್ಕೃಷ್ಟತೆಯೊಡನೆ ಹೇಳಿಬಿಡುತ್ತದೆ.

೬

ಬರಿಯ ಸಂಖ್ಯೆಯನ್ನು ನಂಬಿದುದರ ಫಲವನ್ನು ಇತ್ತೀಚಿನ ಚರಿತ್ರೆಯು ಎರಡು ಪ್ರಸಿದ್ಧ ಘಟನೆಗಳಲ್ಲಿ ದಾಖಲಿಸಿದೆ. ಮೊದಲನೆಯದು ಕೆನಡಾ ದೇಶದ್ದು. ಆ ದೇಶವು ದಶಮಾನಕ್ಕೆ ಬದಲಾಗುತ್ತಿದ್ದ ಕಾಲದಲ್ಲಿ, ೧೯೮೩ರ ಜುಲೈ ೨೩ರಂದು, ಏರ್ ಕೆನಡಾದ ಬೋಯಿಂಗ್ ೭೬೭ ವಿಮಾನವೊಂದಕ್ಕೆ ೨೨,೩೦೦ ಕಿಲೋಗ್ರಾಮು ಇಂಧನ ಬೇಕಾಗಿತ್ತು. ತೊಟ್ಟಿಯಲ್ಲಿ ಆಗಲೇ ೭,೬೮೨ ಲೀಟರು ಇದ್ದಿತು. ಲೀಟರನ್ನು ತೂಕಕ್ಕೆ ತಿರುಗಿಸಲು ೧.೭೭ ಎಂಬ ಗುಣಕವನ್ನು ಬಳಸಿದರು. ಅದು ಲೀಟರಿಗೆ ಇಷ್ಟು ಪೌಂಡೆಂಬ ಗುಣಕ; ಕಿಲೋಗ್ರಾಮಿಗೆ ಬೇಕಾಗಿದ್ದುದು ಸುಮಾರು ೦.೮. ಹೀಗೆ ಬಂದ ೧೩,೫೯೭ ಪೌಂಡನ್ನು ಕಿಲೋಗ್ರಾಮೆಂದು ಎಣಿಸಿ, ಸುಮಾರು ೨೦,೦೦೦ ಲೀಟರು ತುಂಬಬೇಕಾಗಿದ್ದ ಕಡೆಯಲ್ಲಿ ೪,೯೧೬ ಲೀಟರು ಮಾತ್ರ ತುಂಬಿದರು. ವಿಮಾನವು ೪೧,೦೦೦ ಅಡಿಯ ಎತ್ತರದಲ್ಲಿ ಇಂಧನವಿಲ್ಲದೆ ನಿಂತಿತು. ಚಾಲಕರ ಕೌಶಲದಿಂದ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿದು, ಅದರಲ್ಲಿದ್ದ ೬೯ ಜನರೂ ಬದುಕಿಕೊಂಡರು. ಗುಣಾಕಾರದಲ್ಲಿ ತಪ್ಪಿರಲಿಲ್ಲವೆಂಬುದೇ ಇಲ್ಲಿ ಗಮನಿಸತಕ್ಕ ವಿಷಯ. ತಪ್ಪಿದ್ದುದು ಗುಣಕದ ಜಾತಿಯಲ್ಲಿ.

ಎರಡನೆಯದು ಅಮೆರಿಕದ ನಾಸಾ ಸಂಸ್ಥೆಯು ೧೯೯೮ರ ಡಿಸೆಂಬರಿನಲ್ಲಿ ಮಂಗಳಗ್ರಹಕ್ಕೆ ಕಳುಹಿದ ನೌಕೆಯದು. ಭೂಮಿಯ ಮೇಲಿನ ಒಂದು ಕ್ರಮವಿಧಿಯು ತಳ್ಳುವಿಕೆಯ ಆವೇಗವನ್ನು ಪೌಂಡು-ಸೆಕೆಂಡುಗಳಲ್ಲಿ ಕೊಟ್ಟಿತು. ಅದನ್ನು ಓದಿದ ಇನ್ನೊಂದು ಕ್ರಮವಿಧಿಯು ನ್ಯೂಟನ್-ಸೆಕೆಂಡುಗಳೆಂದು ತಿಳಿಯಿತು. ಎರಡಕ್ಕೂ ಸುಮಾರು ೪.೪೫ರಷ್ಟು ಅಂತರ. ಕಡತದಲ್ಲಿ ಸಂಖ್ಯೆ ಮಾತ್ರ ಹೋಯಿತು, ಮಾನವು ಜೊತೆಯಲ್ಲಿ ಹೋಗಲಿಲ್ಲ. ೧೯೯೯ರ ಸೆಪ್ಟೆಂಬರ್ ೨೩ರಂದು, ಸುಮಾರು ೨೨೬ ಕಿಲೋಮೀಟರು ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆಯು ಸುಮಾರು ೫೭ ಕಿಲೋಮೀಟರಿಗೆ ಇಳಿದು ನಾಶವಾಯಿತು.

೭

ಮಾನವನ್ನು ಸಂಖ್ಯೆಯೊಡನೆ ಕೂಡಿಸಿಯೇ ಇಡಬೇಕೆಂಬ ವಿಚಾರವು ವಿಜ್ಞಾನದಲ್ಲಿ ಹೊಸತೇನೂ ಅಲ್ಲ. ಫೂರಿಯೇ ಎಂಬ ಫ್ರೆಂಚ್ ಪಂಡಿತನು ಉಷ್ಣವನ್ನು ಕುರಿತ ೧೮೨೨ರ ಗ್ರಂಥದಲ್ಲಿ ಸಮೀಕರಣದ ಪದಗಳೆಲ್ಲವೂ ಒಂದೇ ಆಯಾಮದವಾಗಿರಬೇಕೆಂದು ವಿವರಿಸಿದನು. ಮ್ಯಾಕ್ಸ್‌ವೆಲನು ೧೮೭೩ರ ತನ್ನ ವಿದ್ಯುತ್-ಕಾಂತ ಗ್ರಂಥದ ಆರಂಭದಲ್ಲಿಯೇ ಪರಿಮಾಣವೆಂಬುದಕ್ಕೆ ಮಾನವೊಂದು, ಆ ಮಾನವು ಎಷ್ಟು ಸಲವೆಂಬ ಸಂಖ್ಯೆಯೊಂದು, ಹೀಗೆ ಎರಡು ಅಂಶಗಳುಂಟೆಂದು ತಿಳಿಸಿದನು. ಮಹಾವೀರನಂತೆ ಅವನೂ ಗ್ರಂಥಮುಖದಲ್ಲಿಯೇ ಈ ವಿಷಯವನ್ನು ಇಟ್ಟಿರುವುದು ಆಕಸ್ಮಿಕವಲ್ಲ. ಶಾಸ್ತ್ರದ ಕ್ರಮವೇ ಹಾಗೆ.

ಯಂತ್ರದೊಳಕ್ಕೆ ಈ ವಿಚಾರ ಮರಳಿ ಬಂದದ್ದು ೧೯೭೦ರ ದಶಕದಿಂದೀಚೆಗೆ. ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯಲ್ಲಿ 'ಯೂನಿಟ್ಸ್' ಎಂಬ ಚಿಕ್ಕ ಕ್ರಮವಿಧಿಯಿದ್ದಿತು. ಅದರ ಹಾದಿಯಲ್ಲಿಯೇ ಏಡ್ರಿಯನ್ ಮರಿಯಾನೋ ಅವರು ಗ್ನೂ ಯೋಜನೆಗಾಗಿ ರಚಿಸಿದ 'ಯೂನಿಟ್ಸ್' ಇಂದಿಗೂ ಬಳಕೆಯಲ್ಲಿದೆ. ಕೈಗಣಕಗಳಲ್ಲಿ ೧೯೮೭ರ ಎಚ್.ಪಿ.-೨೮ಸಿ ಮಾನಗಳನ್ನು ಪರಿವರ್ತಿಸಬಲ್ಲದಾಗಿತ್ತು, ೧೯೯೦ರ ಎಚ್.ಪಿ.-೪೮ಎಸ್‌ಎಕ್ಸ್‌ನಲ್ಲಿ ಸಂಖ್ಯೆಯೂ ಮಾನವೂ ಕೂಡಿ ಒಂದೇ ವಸ್ತುವಾಗಿ ಲೆಕ್ಕದೊಳಗೆ ಸಂಚರಿಸಿದುವು. ಅಲನ್ ಎಲಿಯಾಸೆನ್ ಅವರ 'ಫ್ರಿಂಕ್' ಎಂಬುದು ಇದೇ ತತ್ತ್ವದ ಮೇಲೆ ಕಟ್ಟಿದ ಗಣನಭಾಷೆ. ೨೦೨೪ರಲ್ಲಿ ಐಫೋನಿನ ಸಹಜ ಗಣಕಕ್ಕೂ ಮಾನಪರಿವರ್ತನೆಯು ಸೇರಿತು.

ಇಲ್ಲಿ ಎರಡು ಬಗೆಗಳನ್ನು ವಿವೇಚಿಸಿ ತಿಳಿಯಬೇಕು. ಒಂದು, ಪಟ್ಟಿಯಿಂದ ಎರಡು ಹೆಸರುಗಳನ್ನು ಆರಿಸಿ ಸಂಖ್ಯೆಯನ್ನು ಕೊಟ್ಟರೆ ಇನ್ನೊಂದು ಸಂಖ್ಯೆಯನ್ನು ಕೊಡುವ ಪರಿವರ್ತಕ. ಇದು ಅಚ್ಚಾದ ಕೋಷ್ಟಕದ ಕೆಲಸವನ್ನಷ್ಟೇ ಮಾಡುತ್ತದೆ. ಇನ್ನೊಂದು, ಲೆಕ್ಕದ ಆದಿಯಿಂದ ಅಂತ್ಯದವರೆಗೆ ಮಾನವನ್ನು ಬಿಡದೆ ಹಿಡಿದುಕೊಂಡು ಹೋಗುವ ಗಣಕ. ಇದರಲ್ಲಿ ಅಡಿಯನ್ನು ಅಡಿಯಿಂದ ಗುಣಿಸಿದರೆ ಚದರಡಿಯಾಗುತ್ತದೆ. ಮೈಲಿಯನ್ನು ಗಂಟೆಯಿಂದ ಭಾಗಿಸಿದರೆ ವೇಗವಾಗುತ್ತದೆ. ಲೀಟರನ್ನು ಪೌಂಡಿಗೆ ಕೂಡಿಸೆಂದರೆ ಅದು ಒಪ್ಪುವುದಿಲ್ಲ. ಗ್ನೂ 'ಯೂನಿಟ್ಸ್' ಇಂತಹ ಸಂದರ್ಭದಲ್ಲಿ ಎರಡೂ ಹೊಂದುವುದಿಲ್ಲವೆಂದು ಎಚ್ಚರಿಸಿ ನಿಂತುಬಿಡುತ್ತದೆ. ಭಾಸ್ಕರಾಚಾರ್ಯನ ಸಮಾನಜಾತಿಯ ನಿಯಮವು ಹೀಗೆ ಯಂತ್ರದ ಬಾಯಲ್ಲಿ ಮರಳಿ ಕೇಳಿಬರುತ್ತಿದೆ.

೮

ಹಾಗಾದರೆ ಗಣಕವನ್ನು ಆರಿಸುವವನು ಏನನ್ನು ಪರೀಕ್ಷಿಸತಕ್ಕದ್ದು? ಮೊದಲನೆಯದಾಗಿ, ವಿಜಾತೀಯವಾದುದನ್ನು ಕೂಡಲು ಅದು ನಿರಾಕರಿಸುತ್ತದೆಯೇ ಎಂಬುದನ್ನು ನೋಡಬೇಕು. ಎರಡನೆಯದಾಗಿ, ಸ್ಥಾನವನ್ನೂ ಅಂತರವನ್ನೂ ಅದು ಬೇರ್ಪಡಿಸುತ್ತದೆಯೇ ಎಂದು ನೋಡಬೇಕು. ೧೦ ಡಿಗ್ರಿ ಸೆಲ್ಸಿಯಸ್ ಎಂಬ ತಾಪವು ೫೦ ಡಿಗ್ರಿ ಫ್ಯಾರನ್‌ಹೀಟ್, ಆದರೆ ೧೦ ಸೆಲ್ಸಿಯಸ್ ಡಿಗ್ರಿಗಳ ಏರಿಕೆಯು ೧೮ ಫ್ಯಾರನ್‌ಹೀಟ್ ಡಿಗ್ರಿಗಳ ಏರಿಕೆ. ಮೂರನೆಯದಾಗಿ, ತಾನು ಬಳಸಿದ ಪರಿಭಾಷೆಯನ್ನು ಅದು ತೆರೆದು ತೋರಿಸುತ್ತದೆಯೇ ಎಂಬುದು ಮುಖ್ಯ. ಅಮೆರಿಕದಲ್ಲಿ ೨೦೨೨ರ ಕೊನೆಯವರೆಗೂ ಸರ್ವೆಯ ಅಡಿಯೊಂದು, ಸಾಮಾನ್ಯ ಅಡಿಯೊಂದು ಎಂದು ಎರಡು ಅಡಿಗಳಿದ್ದುವು. ಹತ್ತು ಲಕ್ಷಕ್ಕೆ ಎರಡರಷ್ಟು ಮಾತ್ರ ಭೇದವಾದರೂ ದೊಡ್ಡ ದೇಶದ ನಕ್ಷೆಯಲ್ಲಿ ಅದು ಅಡಿಗಟ್ಟಲೆಯಾಗುತ್ತಿತ್ತು. ಆಧುನಿಕ ರಾಷ್ಟ್ರದಲ್ಲಿಯೇ ಹೀಗಿರುವಾಗ ಹೆಸರಿನ ಹಿಂದಿನ ಅಳತೆಯನ್ನು ಮರೆಮಾಡಿದ ಗಣಕವನ್ನು ವಿದ್ವಾಂಸನು ನಂಬಲಾಗದು. ನಾಲ್ಕನೆಯದಾ ಮತ್ತು ಕೊನೆಯದಾಗಿ, ಹೊಸ ಮಾನವನ್ನು ನಾವೇ ಸೇರಿಸಲು ಅದು ಎಡೆಗೊಡಬೇಕು. ಗ್ನೂ 'ಯೂನಿಟ್ಸ್', 'ಫ್ರಿಂಕ್' ಎರಡರಲ್ಲಿಯೂ ಬಳಸುವವನು ತನ್ನ ಮಾನಗಳನ್ನು ತಾನೇ ನಿರೂಪಿಸಿಕೊಳ್ಳಬಹುದು. ಗುಂಟೆಯನ್ನು ಎಕರೆಯ ನಲವತ್ತನೆಯ ಒಂದು ಭಾಗವೆಂದು ಒಂದು ಸಾಲಿನಲ್ಲಿ ಬರೆದಿಟ್ಟರೆ ೨ ಎಕರೆ ೨೦ ಗುಂಟೆಗೆ ೧ ಎಕರೆ ೩೦ ಗುಂಟೆಯನ್ನು ಕೂಡಿಸುವಾಗ ನೆಲವು ಕಳೆದುಹೋಗುವುದಿಲ್ಲ.

ಇಷ್ಟಾದರೂ ಆ ಸಾಲುಗಳನ್ನು ಬರೆದಿಡುವ ಕೆಲಸವು ಯಂತ್ರದ್ದಲ್ಲ, ನಮ್ಮದು. ಭೇರುಂಡ ಗಳೆಯನ್ನೂ ಕಚ್ಛವಿಯ ಗಳೆಯನ್ನೂ ಮದರಾಸಿನ ಮಣವನ್ನೂ ಬೊಂಬಾಯಿಯ ಮಣವನ್ನೂ ಬೇರೆ ಬೇರೆ ಹೆಸರುಗಳಿಂದ, ಊರು ಮತ್ತು ಶಕವರ್ಷಗಳೊಡನೆ, ಆಧಾರವಾದ ಶಾಸನ ಅಥವಾ ಪತ್ರದ ಉಲ್ಲೇಖದೊಡನೆ ದಾಖಲಿಸಿದ ಒಂದು ಕನ್ನಡ ಸಂಜ್ಞಾಕೋಶವಿದ್ದರೆ, ಮತ್ತರನ್ನು ಎಕರೆಗೆ ತಿರುಗಿಸುವವನು ಮೊದಲು ಯಾವ ಗಳೆಯೆಂದು ಹೇಳಲೇಬೇಕಾಗುತ್ತದೆ; ಹೇಳಲಾಗದಿದ್ದರೆ ಮತ್ತರನ್ನು ಮತ್ತರಾಗಿಯೇ ಬಿಡಬೇಕಾಗುತ್ತದೆ. ಶಾಸನಗಳ ಸಂಪಾದಕರೂ, ಹಳೆಯ ಕಡತಗಳನ್ನು ಓದುವವರೂ, ಜಿಲ್ಲೆಗಳಲ್ಲಿ ಪಾಠ ಹೇಳುವ ಅಧ್ಯಾಪಕರೂ ತಮ್ಮ ತಮ್ಮ ಸೀಮೆಯಲ್ಲಿ ಇನ್ನೂ ಹಿರಿಯರ ಬಾಯಲ್ಲಿ ಉಳಿದಿರುವ ಕೊಳಗ, ಬಳ್ಳ, ಮಾನ, ಸೊಲಗೆಗಳ ಪ್ರಮಾಣವನ್ನು, ಸಾಧ್ಯವಿದ್ದ ಕಡೆ ಆ ಪಾತ್ರೆಗಳನ್ನೇ ನೀರು ತುಂಬಿ ಅಳೆದು, ಬರೆದಿಡಬಹುದು. ಮನೆಯ ಅಟ್ಟದ ಮೇಲಿರುವ ಹಿತ್ತಾಳೆಯ ಪಾವು ಸೇರುಗಳು ಗುಜರಿಗೆ ಹೋಗುವ ಮುನ್ನ ಈ ಕೆಲಸವು ನಡೆಯತಕ್ಕದ್ದು.